ಎಮ್ಮೆ ಗಬ್ಬ ನಿಲ್ಲದಿದ್ದರೆ ತಪ್ಪು ತಳಿಯದ್ದೇ?

"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಅನ್ನುವ ಗಾದೆಯನ್ನು ನಂಬಿ ಎಮ್ಮೆ ಕೊಳ್ಳುವವರು ಮಲೆನಾಡಿನಲ್ಲಿ ಈಗಲೂ ಬಹಳ. ಪಕ್ಕದೂರಿನ ಕೊಟ್ಟಿಗೆಗೆ ಮಣಕ (ಇನ್ನೂ ಈಯದ ಎಳೆ ಎಮ್ಮೆ) ನೋಡಲು ಹೋದವರು ಮೊದಲು ವಿಚಾರಿಸುವುದು ಅದರ ತಾಯಿಯನ್ನು: ಹೊತ್ತಿಗೆ ಎಷ್ಟು ಲೀಟರ್ ಕರೆಯುತ್ತಿತ್ತು, ಜಿಡ್ಡು ಹೇಗಿತ್ತು, ಈದ ಮೇಲೆ ಬೇಗ ಗಬ್ಬ ನಿಲ್ಲುತ್ತಿತ್ತೇ? ಮೂರೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮೂರಕ್ಕೂ ಸಿಗುವ ಉತ್ತರದ ಬೆಲೆ ಒಂದೇ ಅಲ್ಲ. ತಾಯಿಯ ಹಾಲಿನ ಅಳತೆ ಮಗಳ ಬಗ್ಗೆ ಒಂದಿಷ್ಟು ಹೇಳುತ್ತದೆ, ಜಿಡ್ಡಿನ ಅಳತೆ ಅದಕ್ಕಿಂತ ತುಸು ಹೆಚ್ಚು ಹೇಳುತ್ತದೆ. ತಾಯಿ ಎಷ್ಟು ಬೇಗ ಗಬ್ಬ ನಿಲ್ಲುತ್ತಿತ್ತು ಅನ್ನುವುದು ಮಾತ್ರ ಮಗಳ ವಿಚಾರದಲ್ಲಿ ಹೆಚ್ಚುಕಡಿಮೆ ಏನನ್ನೂ ಹೇಳುವುದಿಲ್ಲ.

ಯಾವ ಗುಣ ಎಷ್ಟರ ಮಟ್ಟಿಗೆ ಹೀಗೆ ದಾಟಿ ಬರುತ್ತದೆ ಅನ್ನುವುದನ್ನು ಅಳೆಯಲು ಪಶುತಳಿ ವಿಜ್ಞಾನದಲ್ಲಿ ಒಂದು ಸಂಖ್ಯೆ ಇದೆ. ಅದರ ಹೆಸರು ಅನುವಂಶೀಯತೆ. ಪಶುವೈದ್ಯರು ಹೆರಿಟಬಿಲಿಟಿ ಅನ್ನುತ್ತಾರೆ. ಸೊನ್ನೆಯಿಂದ ಒಂದರವರೆಗೆ ಅದರ ವ್ಯಾಪ್ತಿ. ಇದನ್ನು ತಪ್ಪಾಗಿ ತಿಳಿಯುವುದು ಸುಲಭ, ಅದಕ್ಕೇ ಸ್ವಲ್ಪ ನಿಂತು ನೋಡಬೇಕು. "ಈ ಗುಣ ಎಷ್ಟರಮಟ್ಟಿಗೆ ರಕ್ತದಿಂದ ಬಂದದ್ದು" ಎಂದು ಅದು ಹೇಳುವುದಿಲ್ಲ. ಒಂದು ಹಿಂಡಿನಲ್ಲಿ ಎಮ್ಮೆಯಿಂದ ಎಮ್ಮೆಗೆ ಕಾಣುವ ವ್ಯತ್ಯಾಸವಿದೆಯಲ್ಲ, ಅದರಲ್ಲಿ ಎಷ್ಟು ಪಾಲು ಕರುವಿಗೆ ದಾಟುವ ವಂಶವಾಹಿಗಳ ವ್ಯತ್ಯಾಸದಿಂದ ಆದದ್ದು, ಎಷ್ಟು ಪಾಲು ಮೇವು, ಮಳೆ, ರೋಗ, ನೋಡಿಕೊಳ್ಳುವ ಕೈ ಇವುಗಳಿಂದ ಆದದ್ದು ಎಂದು ಅದು ಬೇರ್ಪಡಿಸಿ ಹೇಳುತ್ತದೆ. ಎಮ್ಮೆಗೆ ನಾಲ್ಕು ಕಾಲು ಬರುವುದು ಪೂರ್ತಿ ವಂಶವಾಹಿಗಳ ಕೆಲಸ. ಆದರೂ ಹಿಂಡಿನಲ್ಲಿ ಎಲ್ಲದಕ್ಕೂ ನಾಲ್ಕೇ ಕಾಲು, ವ್ಯತ್ಯಾಸವೇ ಇಲ್ಲ. ಹಾಗಾಗಿ ಕಾಲಿನ ಸಂಖ್ಯೆಯ ಅನುವಂಶೀಯತೆ ಲೆಕ್ಕಕ್ಕೇ ಸಿಗುವುದಿಲ್ಲ. ಇಷ್ಟು ಗೊತ್ತಾದರೆ ಉಳಿದದ್ದು ಸಲೀಸು.

ಈ ಸಂಖ್ಯೆಯನ್ನು ಹಿಡಿಯುವ ಹಳೆಯ ದಾರಿ ಒಂದೇ ಕೋಣನ ಹೆಣ್ಣುಕರುಗಳನ್ನು ಗಮನಿಸುವುದು. ಹತ್ತಾರು ಕೋಣಗಳು, ಒಂದೊಂದಕ್ಕೂ ಹತ್ತಿಪ್ಪತ್ತು ಹೆಣ್ಣುಕರುಗಳು, ತಾಯಂದಿರು ಬೇರೆ ಬೇರೆ. ಒಂದೇ ಅಪ್ಪನ ಮಕ್ಕಳು ಬೇರೆ ಅಪ್ಪಂದಿರ ಮಕ್ಕಳಿಗಿಂತ ತಮ್ಮತಮ್ಮಲ್ಲೇ ಹೆಚ್ಚು ಹೋಲುತ್ತಿದ್ದರೆ ಆ ಹೋಲಿಕೆ ಅಪ್ಪನ ಕೊಡುಗೆ. ಮಲತಾಯಿ ಮಕ್ಕಳು ಹಂಚಿಕೊಳ್ಳುವುದು ವಂಶವಾಹಿಗಳ ಕಾಲುಭಾಗ ಮಾತ್ರವಾದ್ದರಿಂದ ಸಿಕ್ಕ ಹೋಲಿಕೆಯನ್ನು ನಾಲ್ಕರಿಂದ ಗುಣಿಸುತ್ತಾರೆ. ಈಗ ಇಡೀ ವಂಶಾವಳಿಯನ್ನೇ ಕಂಪ್ಯೂಟರಿಗೆ ಕೊಟ್ಟು ಲೆಕ್ಕ ತೆಗೆಯುತ್ತಾರೆ, ತರ್ಕ ಬದಲಾಗಿಲ್ಲ. ಇದಕ್ಕೆ ಬೇಕಾದದ್ದು ವರ್ಷಗಟ್ಟಲೆ ಬರೆದಿಟ್ಟ ದಾಖಲೆ. ಅದು ಸಿಗುವುದು ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ, ಹಿಸ್ಸಾರಿನ ಕೇಂದ್ರೀಯ ಎಮ್ಮೆ ಸಂಶೋಧನಾ ಸಂಸ್ಥೆ ಮುಂತಾದ ಕಡೆ ಸಾಕಿದ ಹಿಂಡುಗಳಲ್ಲಿ. ನಮ್ಮ ಕೈಗೆ ಬರುವ ಅಂಕಿಗಳಲ್ಲಿ ಹೆಚ್ಚಿನವು ಅಂಥ ಕಡೆಯ ಮುರ್ರಾ ಅನ್ನುವ ಎಮ್ಮೆ ತಳಿಯ ಹಿಂಡುಗಳವು ಅನ್ನುವುದು ನೆನಪಿರಲಿ.

ಅಂಕಿಗಳು ಹಿಂಡಿನಿಂದ ಹಿಂಡಿಗೆ ಏರುಪೇರಾದರೂ ಚಿತ್ರ ಮಾತ್ರ ಎಲ್ಲೆಡೆ ಒಂದೇ. ಒಂದು ಸೂಲಿನ (ಒಮ್ಮೆ ಈದ ಮೇಲೆ ಬತ್ತುವವರೆಗಿನ) ಹಾಲಿನ ಇಳುವರಿಗೆ ಸಾಮಾನ್ಯವಾಗಿ 0.2ರಿಂದ 0.3. ಹಾಲಿನ ಜಿಡ್ಡಿನ ಶೇಕಡಾವಾರಿಗೆ ಅದಕ್ಕಿಂತ ಮೇಲೆ. ಮೊದಲ ಕರು ಹಾಕುವ ವಯಸ್ಸಿಗೆ 0.1ರಿಂದ 0.2ರ ಆಸುಪಾಸು. ಒಂದು ಕರುವಿನಿಂದ ಇನ್ನೊಂದು ಕರುವಿಗೆ ಇರುವ ಅಂತರಕ್ಕೆ, ಈದ ಮೇಲೆ ಮತ್ತೆ ಗಬ್ಬ ನಿಲ್ಲುವವರೆಗಿನ ದಿನಗಳಿಗೆ, ಒಂದು ಗಬ್ಬಕ್ಕೆ ಎಷ್ಟು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಬೇಕಾಯಿತು ಅನ್ನುವುದಕ್ಕೆ ಸಾಮಾನ್ಯವಾಗಿ 0.1ಕ್ಕಿಂತ ಕಡಿಮೆ, ಎಷ್ಟೋ ಹಿಂಡುಗಳಲ್ಲಿ ಸೊನ್ನೆಯ ಪಕ್ಕ.

ಇದನ್ನು ದುಡ್ಡಿಗೆ ಇಳಿಸಿ ನೋಡೋಣ. ಒಂದು ಹಿಂಡಿನಲ್ಲಿ ಕರುವಿನ ಅಂತರ ಸರಾಸರಿ 480 ದಿನ ಇದೆ ಅಂದುಕೊಳ್ಳಿ. ಅದರಲ್ಲಿ 60 ದಿನ ಬೇಗ, ಅಂದರೆ 420 ದಿನಕ್ಕೇ ಕರು ಹಾಕುವ ಎಮ್ಮೆಗಳನ್ನಷ್ಟೇ ಆರಿಸಿ ಅವುಗಳ ಹೆಣ್ಣುಕರು ಉಳಿಸಿಕೊಂಡಿರಿ. ಅನುವಂಶೀಯತೆ 0.05 ಆದರೆ 60 ದಿನಕ್ಕೆ ಸಿಗುವುದು 3 ದಿನ. ಕೋಣನನ್ನು ಆರಿಸದೆ ತಾಯಿಯನ್ನು ಮಾತ್ರ ಆರಿಸಿದ್ದರಿಂದ ಅದರಲ್ಲೂ ಅರ್ಧ, ಒಂದೂವರೆ ದಿನ! ಅದೂ ಮಗಳು ದೊಡ್ಡವಳಾಗಿ ಈಯುವವರೆಗೆ ನಾಲ್ಕೈದು ವರ್ಷ ಕಾದ ಮೇಲೆ. ಹಾಲಿನಲ್ಲಿ ಇದೇ ಲೆಕ್ಕ ಹಾಕಿ: ಸರಾಸರಿಗಿಂತ ಸೂಲಿಗೆ 300 ಲೀಟರ್ ಹೆಚ್ಚು ಕೊಡುವ ತಾಯಂದಿರನ್ನು ಆರಿಸಿದರೆ, 0.25ರ ಲೆಕ್ಕದಲ್ಲಿ ಹೆಣ್ಣುಮಕ್ಕಳಲ್ಲಿ ಸುಮಾರು 37 ಲೀಟರ್ ಹೆಚ್ಚಳ ನಿರೀಕ್ಷಿಸಬಹುದು. ದೊಡ್ಡದಲ್ಲ, ಆದರೆ ತಲೆಮಾರಿನಿಂದ ತಲೆಮಾರಿಗೆ ಕೂಡುತ್ತ ಹೋಗುವಂಥದ್ದು.

ಹಾಗಾದರೆ ಒಂದು ಕೊಟ್ಟಿಗೆಗೂ ಇನ್ನೊಂದು ಕೊಟ್ಟಿಗೆಗೂ ನೂರು ದಿನದ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಕರುವಿನ ಅಂತರವನ್ನು ತುಂಡು ತುಂಡಾಗಿ ಬಿಚ್ಚಿದರೆ ಉತ್ತರ ಕಾಣುತ್ತದೆ. ಎಮ್ಮೆಯ ಗರ್ಭಾವಧಿ ಸುಮಾರು 310 ದಿನ, ಹಸುವಿಗಿಂತ ಒಂದು ತಿಂಗಳು ಹೆಚ್ಚು. ಹತ್ತು ದಿನ ಆಚೀಚೆ ಆಗಬಹುದು ಅಷ್ಟೇ, ಅಲ್ಲಿ ನಾವು ಮಾಡುವಂಥದ್ದು ಏನಿಲ್ಲ. ಈದ ಮೇಲೆ ಗರ್ಭಕೋಶ ಮೊದಲಿನ ಅಳತೆಗೆ ಕುಗ್ಗಲು ಒಂದು ತಿಂಗಳಿಂದ ಒಂದೂವರೆ ತಿಂಗಳು. ಅಲ್ಲಿಂದ ಮುಂದೆ ಬೆದೆ, ಸುಮಾರು 21 ದಿನಕ್ಕೊಮ್ಮೆ. ತೊಂಬತ್ತು ದಿನಕ್ಕೆ ಗಬ್ಬ ನಿಂತರೆ ಅಂತರ 400 ದಿನ, ಎಮ್ಮೆಯ ಮಟ್ಟಿಗೆ ಅದು ಹಬ್ಬ. ಮೂರು ಬೆದೆ ಕೈತಪ್ಪಿದರೆ 463. ಕೈತಪ್ಪಿದ ಬೆದೆ ಯಾವ ವಂಶವಾಹಿಯಲ್ಲೂ ಬರೆದಿರುವುದಿಲ್ಲ. ಬೆಳಗಿನ ಜಾವ ಕೊಟ್ಟಿಗೆಗೆ ಯಾರು ಹೋಗುತ್ತಾರೆ, ಇಂಜೆಕ್ಷನ್ ಕೊಡುವವರು ಆ ದಿನ ಊರಿಗೆ ಬರುತ್ತಾರೋ ಇಲ್ಲವೋ ಅನ್ನುವುದರಲ್ಲಿದೆ. ತೀರ್ಥಹಳ್ಳಿಯ ಒಂಟಿಮನೆಗೆ ಜುಲೈ ಮಳೆಯಲ್ಲಿ ಹೊತ್ತಿಗೆ ಸರಿಯಾಗಿ ಯಾರಾದರೂ ತಲುಪುವುದೆಂದರೆ ಅದೇ ಒಂದು ಸಾಹಸ. ಇವೆಲ್ಲ ಲೆಕ್ಕದಲ್ಲಿ "ಪರಿಸರ"ದ ಪಾಲಿಗೆ ಸೇರುತ್ತವೆ, ಆ ಪಾಲು ಹಿಗ್ಗಿದಷ್ಟೂ ಅನುವಂಶೀಯತೆ ಕುಗ್ಗುತ್ತದೆ. ಸಂಶೋಧನಾ ಕೇಂದ್ರದ ಹಿಂಡಿನಲ್ಲೇ ಸಣ್ಣದಾಗಿರುವ ಸಂಖ್ಯೆ ಹಳ್ಳಿಯ ಕೊಟ್ಟಿಗೆಯಲ್ಲಿ ಇನ್ನೂ ಸಣ್ಣದಾಗುವುದೇ ಹೆಚ್ಚು.

ಎಮ್ಮೆಯ ಬೆದೆ ಕೈತಪ್ಪುವುದಕ್ಕೆ ಎಮ್ಮೆಯೂ ಸ್ವಲ್ಪ ಕಾರಣ. ಹಸು ಬೆದೆಗೆ ಬಂದರೆ ಊರಿಗೇ ಗೊತ್ತಾಗುತ್ತದೆ: ಕೂಗುತ್ತದೆ, ಬೇರೆ ದನದ ಮೇಲೆ ಹತ್ತುತ್ತದೆ, ಲೋಳೆ ದಾರದ ಹಾಗೆ ಇಳಿಯುತ್ತದೆ. ಎಮ್ಮೆಯದು ಮೌನ ಬೆದೆ. ಒಂದರ ಮೇಲೊಂದು ಹತ್ತುವುದು ಅಪರೂಪ. ಲೋಳೆ ಕಡಿಮೆ, ಇದ್ದರೂ ಒಳಗೇ ನಿಂತು ಮಲಗಿದಾಗ ಮಾತ್ರ ಹೊರಬರುತ್ತದೆ, ಎದ್ದ ಮೇಲೆ ಸಗಣಿಯಲ್ಲಿ ಬೆರೆತು ಹೋಗುತ್ತದೆ. ಲಕ್ಷಣಗಳು ಹೆಚ್ಚಾಗಿ ರಾತ್ರಿ, ಬೆಳಗಿನ ಜಾವದ ತಂಪಿನಲ್ಲಿ. ಪದೇ ಪದೇ ಗಂಜಲ ಹೊಯ್ಯುವುದು, ಹಾಲು ಏರಿಸಿಕೊಳ್ಳುವುದು, ಮೇವು ಬಿಡುವುದು, ಯೋನಿಯ ತುಟಿ ತುಸು ಊದಿ ಸುಕ್ಕು ಬಿಚ್ಚುವುದು ಇಷ್ಟನ್ನೇ ನೆಚ್ಚಬೇಕು. ಸೊಪ್ಪು ಹಾಸಿದ ಮಲೆನಾಡಿನ ಕೊಟ್ಟಿಗೆಯಲ್ಲಿ ಮಲಗಿದ ಎಮ್ಮೆಯ ಹಿಂದೆ ಬಿದ್ದ ಲೋಳೆ ಸೊಪ್ಪಿನಡಿಗೆ ಹೋಗಿಬಿಡುತ್ತದೆ, ಕಾಣುವುದೇ ಇಲ್ಲ. ರಾತ್ರಿ ಒಂಬತ್ತು ಹತ್ತಕ್ಕೊಮ್ಮೆ, ಬೆಳಿಗ್ಗೆ ಐದಕ್ಕೊಮ್ಮೆ ಬ್ಯಾಟರಿ ಹಿಡಿದು ಹೋಗಿ ಮಲಗಿದಲ್ಲೇ ನೋಡುವುದಕ್ಕೆ ಯಾವ ಖರ್ಚೂ ಇಲ್ಲ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಅತಿ ಲಾಭದ ಮಾತು ಇದೇ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಬೇಕು.

ಕಾಲಮಾನದ್ದು ಬೇರೆಯೇ ಕತೆ. ಹಗಲು ಕಿರಿದಾಗುತ್ತ ಹೋದಾಗ ಬೆದೆಗೆ ಬರುವ ಜಾತಿ ಎಮ್ಮೆ. ಕತ್ತಲೆ ಹೆಚ್ಚಿದಂತೆ ಮೆದುಳಿನಲ್ಲಿ ಮೆಲಟೋನಿನ್ ಹೆಚ್ಚು ಹೊತ್ತು ಸ್ರವಿಸಿ ಅಂಡಾಶಯವನ್ನು ಎಬ್ಬಿಸುತ್ತದೆ. ಹಿಸ್ಸಾರಿನಲ್ಲಿ ಬೇಸಿಗೆಯ ಅತಿ ಉದ್ದದ ಹಗಲಿಗೂ ಚಳಿಗಾಲದ ಅತಿ ಸಣ್ಣ ಹಗಲಿಗೂ ಮೂರೂಮುಕ್ಕಾಲು ಗಂಟೆಯ ಹತ್ತಿರ ವ್ಯತ್ಯಾಸ. ಶಿವಮೊಗ್ಗದಲ್ಲಿ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಸಮಭಾಜಕಕ್ಕೆ ಹತ್ತಿರವಾದಷ್ಟೂ ಬೆಳಕಿನ ಆಟ ಸಡಿಲಾಗಿ ಮೇವಿನ ಆಟ ಬಿಗಿಯಾಗುತ್ತದೆ. ನಮ್ಮಲ್ಲಿ ದೀಪಾವಳಿ ದಾಟಿದ ಮೇಲೆ ಎಮ್ಮೆಗಳು ಬೆದೆಗೆ ಬರುವುದು ಹೆಚ್ಚು ಅನ್ನುವುದರ ಹಿಂದೆ ಕಿರಿದಾದ ಹಗಲಿನ ಜೊತೆಗೆ ಮಳೆಗಾಲವಿಡೀ ಮೇದ ಹಸಿಹುಲ್ಲೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಎರಡೂ ತಿರುವುಮುರುವು. ಬೆವರುಗ್ರಂಥಿ ತೀರಾ ಕಡಿಮೆ ಇರುವ ಕಪ್ಪು ಚರ್ಮದ ಪ್ರಾಣಿ, ಕೆರೆ ಬತ್ತಿದರೆ ಮೈ ಬಿಸಿ ಇಳಿಸಲು ದಾರಿ ಇಲ್ಲ. ಆಗ ಬೆದೆ ಬಂದರೂ ಕಾಣುವುದಿಲ್ಲ, ಗಬ್ಬ ನಿಂತರೂ ಉಳಿಯುವುದು ಕಷ್ಟ. ದಿನಕ್ಕೆರಡು ಸಲ ಮೈಗೆ ನೀರು ಹಾಕಿದರೆ ಈ ನಷ್ಟ ಎಷ್ಟೋ ಕಡಿಮೆಯಾಗುತ್ತದೆ.

ಮೇವಿನ ಮಾತು ಬಂದರೆ ಮಲೆನಾಡು ಕಣ್ಣಿಗೆ ಹಸಿರು, ಹೊಟ್ಟೆಗೆ ಅಷ್ಟಲ್ಲ. ಜೋರು ಮಳೆಗೆ ತೊಳೆದುಹೋದ ಹುಳಿಮಣ್ಣು. ಸುಣ್ಣ, ರಂಜಕ ಕಡಿಮೆ, ಅಲ್ಲಿ ಬೆಳೆದ ಹುಲ್ಲಿನಲ್ಲೂ ಕಡಿಮೆ. ಬೇಸಿಗೆಯಲ್ಲಿ ಆಧಾರ ಬತ್ತದ ಬೈಹುಲ್ಲು, ಅದರಲ್ಲಿ ಪ್ರೋಟೀನು ಶೇಕಡಾ 3-4, ಜೊತೆಗೆ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವ ಆಕ್ಸಲೇಟು. ಗದ್ದೆಬದಿಯ ಜೌಗಿನಲ್ಲಿ ಮೇದರೆ ಬಸವನಹುಳುವಿನ ಮೂಲಕ ಪಿತ್ತಜನಕಾಂಗ ಸೇರುವ ಚಪ್ಪಟೆ ಹುಳು ಬೇರೆ. ಮೈಯಿಳಿದ ಎಮ್ಮೆಯ ದೇಹ ಮೊದಲು ನಿಲ್ಲಿಸುವುದೇ ಬೆದೆಯನ್ನು. ಮುಂದಿನ ಕರು ಅದಕ್ಕೆ ತುರ್ತಲ್ಲ. ಇಂಥ ಕೊಟ್ಟಿಗೆಯಲ್ಲಿ "ಈ ತಳಿಯೇ ಸರಿಯಿಲ್ಲ" ಎಂದು ಎಮ್ಮೆ ಮಾರಿ ಹೊಸದು ತರುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ದಿನಕ್ಕೆ 50 ಗ್ರಾಂ ಲವಣ ಮಿಶ್ರಣ, ಹೊತ್ತಿಗೆ ಸರಿಯಾಗಿ ಜಂತುಔಷಧ, ಹಾಲು ಬತ್ತಿಸಿದ ಎರಡು ತಿಂಗಳಲ್ಲಿ ಕೈಬಿಗಿ ಹಿಡಿಯದೆ ಒಂದಿಷ್ಟು ಹಿಂಡಿ. ಸಾಮಾನ್ಯವಾಗಿ ಹಾಲು ನಿಂತ ಎಮ್ಮೆಗೆ ಹಿಂಡಿಯೂ ನಿಲ್ಲುತ್ತದೆ, ಅದೇ ಎಡವಟ್ಟು. ಹೊಟ್ಟೆಯ ಕರು ಅತಿ ಹೆಚ್ಚು ಬೆಳೆಯುವುದು ಆ ಎರಡು ತಿಂಗಳಲ್ಲೇ.

ತೋಟದವರ ಮನೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಡಿಕೆಗೆ ಗೊಬ್ಬರ ಬೇಕು, ಗೊಡ್ಡು ಎಮ್ಮೆಯೂ ಸಗಣಿ ಹಾಕುತ್ತದೆ. ಆದ್ದರಿಂದ ಎಮ್ಮೆ ಒಂದು ವರ್ಷ ಸುಮ್ಮನಿದ್ದರೂ ಯಾರಿಗೂ ಅವಸರವಿಲ್ಲ, ಡೇರಿ ಹಾಲಿನಲ್ಲೇ ಬದುಕುವವರಿಗೆ ಅದು ಕಟ್ಟುವುದಿಲ್ಲ.

ಮೊದಲ ಕರುವಿನ ವಯಸ್ಸಿನಲ್ಲೂ ಕತೆ ಹೀಗೇ. ಮಣಕ ಬೆದೆಗೆ ಬರುವುದು ವಯಸ್ಸು ನೋಡಿ ಅಲ್ಲ, ತೂಕ ನೋಡಿ. ಮುರ್ರಾ ರಕ್ತದ ಮಣಕ ಸುಮಾರು 300 ಕಿಲೋ ಮುಟ್ಟಿದ ಮೇಲೆ ಇಂಜೆಕ್ಷನ್ನಿಗೆ ತಯಾರು. ನಾಟಿ ಎಮ್ಮೆಯ ಮೈಕಟ್ಟು ಸಣ್ಣ, ಕಡಿಮೆ ತೂಕಕ್ಕೇ ಆಗುತ್ತದೆ. ಚೆನ್ನಾಗಿ ಬೆಳೆದರೆ ಮೂರೂವರೆ ವರ್ಷಕ್ಕೆ ಮೊದಲ ಕರು, ಬಡಕಲಾದರೆ ಐದು. ಈ ಒಂದೂವರೆ ವರ್ಷ ನಷ್ಟವಾಗುವುದು ಹುಟ್ಟಿದ ಮೊದಲ ತಿಂಗಳುಗಳಲ್ಲಿ. ಗಿಣ್ಣುಹಾಲು ಮನೆಯವರ ಪಾಲಾಗಿ ಕರುವಿಗೆ ಎರಡು ಗುಟುಕು. ತಾಯಿಯ ಹಾಲಿನ ಮೂಲಕವೇ ಎಮ್ಮೆಕರುವಿನ ಹೊಟ್ಟೆಗೆ ಇಳಿಯುವ ದುಂಡುಹುಳು. ಎರಡು ವಾರದೊಳಗೆ ಕೊಡಬೇಕಾದ ಜಂತುಔಷಧ ಮೂರು ತಿಂಗಳಾದರೂ ಇಲ್ಲ. ಗಿಣ್ಣು ಮಾಡಿ ತಿನ್ನುವುದು ಬೇಡ ಎನ್ನುವಷ್ಟು ಅರಸಿಕ ನಾನಲ್ಲ, ಆದರೆ ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲು ಅದರ ಹೊಟ್ಟೆಗೆ ಹೋದ ಮೇಲೆ ಉಳಿದದ್ದಕ್ಕೆ ಬೆಲ್ಲ ಏಲಕ್ಕಿ ಹಾಕಿ. ಎಮ್ಮೆ ಹನ್ನೆರಡು ವರ್ಷ ಬದುಕಿತು ಅನ್ನಿ. ಮೂರೂವರೆಗೆ ಶುರುಮಾಡಿ 400 ದಿನಕ್ಕೊಂದರಂತೆ ಹಾಕಿದರೆ ಎಂಟು ಸೂಲು. ಐದಕ್ಕೆ ಶುರುಮಾಡಿ 540 ದಿನಕ್ಕೊಂದಾದರೆ ಐದು. ಅದೇ ಎಮ್ಮೆ, ಅದೇ ರಕ್ತ.

ಇಲ್ಲಿಗೆ ಬಂದವರು "ಹಾಗಾದರೆ ಗಬ್ಬದ ವಿಚಾರದಲ್ಲಿ ಕೋಣ ಯಾವುದಾದರೇನು" ಅಂದುಬಿಡಬಹುದು. ಅದು ತಪ್ಪು, ಮೂರು ಕಾರಣಕ್ಕೆ.

ಕಡಿಮೆ ಅನುವಂಶೀಯತೆ ಎಂದರೆ ಒಂದು ಎಮ್ಮೆಯ ಒಂದು ದಾಖಲೆಯನ್ನು ನಂಬಲಾಗದು ಎಂದರ್ಥ, ಅಷ್ಟೇ. ನೂರಾರು ದಾಖಲೆಗಳನ್ನು ಒಟ್ಟು ಸೇರಿಸಿದರೆ ಪರಿಸರದ ಗದ್ದಲ ತಾನಾಗಿ ಅಡಗಿ ಒಳಗಿನ ದನಿ ಕೇಳುತ್ತದೆ. ಒಂದು ಕೋಣನನ್ನು ಅದರ ತಾಯಿಯ ಒಂದೇ ದಾಖಲೆಯಿಂದ ಅಳೆದರೆ 0.05 ಅನುವಂಶೀಯತೆಯ ಗುಣದಲ್ಲಿ ಅಂದಾಜಿನ ನಿಖರತೆ 0.11 (ಒಂದು ಆದರೆ ಪೂರ್ತಿ ಖಚಿತ). ಐವತ್ತು ಹೆಣ್ಣುಮಕ್ಕಳ ದಾಖಲೆಯಿಂದ ಅಳೆದರೆ 0.62, ಇನ್ನೂರು ಮಕ್ಕಳಾದರೆ 0.85ರ ಹತ್ತಿರ. ಹಾಲಿನ ಇಳುವರಿಯಲ್ಲಾದರೆ ಐವತ್ತಕ್ಕೇ 0.88 ಸಿಗುತ್ತದೆ. ಸಂತತಿ ಪರೀಕ್ಷೆ ಮಾಡಿದ ಕೋಣನ ವೀರ್ಯಕ್ಕೆ ಬೆಲೆ ಬರುವುದು ಇದರಿಂದ. ಒಬ್ಬ ರೈತನ ಕೊಟ್ಟಿಗೆಯಲ್ಲಿ ಆಗದ ಕೆಲಸ ಇದು, ಒಕ್ಕೂಟಗಳೂ ವಿಶ್ವವಿದ್ಯಾಲಯಗಳೂ ಮಾಡಬೇಕಾದದ್ದು. ಎಮ್ಮೆಯನ್ನು ಮಾರುವ ತೀರ್ಮಾನಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ: ಒಂದು ಸೂಲಿನಲ್ಲಿ ತಡವಾಗಿ ಗಬ್ಬ ನಿಂತ ಎಮ್ಮೆ ಮುಂದಿನ ಸೂಲಿನಲ್ಲೂ ತಡಮಾಡುತ್ತದೆ ಅನ್ನುವ ಖಾತ್ರಿ ತೀರಾ ಕಡಿಮೆ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವಂಥದ್ದು. ಆಯ್ಕೆಗೆ ಬಗ್ಗದ ಇದೇ ಗುಣಗಳು ರಕ್ತಸಂಬಂಧದ ಕೂಡಿಕೆಗೆ ಮಾತ್ರ ಬೇಗ ಬಾಗುತ್ತವೆ. ಗಬ್ಬ ನಿಲ್ಲುವುದು, ಕರು ಉಳಿಯುವುದು ಇವು ಒಳಸಂತಾನದಿಂದ ಮೊದಲು ಪೆಟ್ಟು ತಿನ್ನುವ ಗುಣಗಳು, ಹೊರರಕ್ತ ಬಂದಾಗ ಮೊದಲು ಚೇತರಿಸುವುವೂ ಇವೇ. ಊರಿಗೆಲ್ಲ ಒಂದೇ ಕೋಣ ಇರುವ ಕಡೆ ಇದನ್ನು ಯೋಚಿಸಬೇಕು. ಕೋಣ ಹಾಯಿಸಲು ಶುರುಮಾಡಿ ನಾಲ್ಕು ವರ್ಷವಾಗುವುದರೊಳಗೆ ಅದರ ಮೊದಲ ಹೆಣ್ಣುಕರುಗಳು ಬೆದೆಗೆ ಬರುತ್ತವೆ. ಕೋಣ ಅಲ್ಲೇ ಇದ್ದರೆ ಅಪ್ಪ-ಮಗಳ ಕೂಡಿಕೆ, ಹುಟ್ಟುವ ಕರುವಿನ ಒಳಸಂತಾನದ ಪ್ರಮಾಣ ಶೇಕಡಾ 25. ಮಲತಾಯಿ ಮಕ್ಕಳ ನಡುವೆ ಆದರೆ 12.5. ಹೊಸನಗರ, ಸಾಗರದ ಕಡೆ ಗುಡ್ಡದಾಚೆಗಿನ ಮನೆಗಳಿಗೆ ಇಂಜೆಕ್ಷನ್ ತಲುಪುವುದು ಕಷ್ಟ, ಕೋಣವೇ ಗತಿ ಅನ್ನುವುದು ನಿಜವೇ. ಹಾಗಿದ್ದಲ್ಲಿ ಎರಡೂವರೆ ಮೂರು ವರ್ಷಕ್ಕೊಮ್ಮೆ ದೂರದ ಊರಿನವರ ಜೊತೆ ಕೋಣವನ್ನು ಅದಲುಬದಲು ಮಾಡಿಕೊಳ್ಳಬಹುದು. ಆದರೆ ಬೇರೆ ಊರಿನ ಕೋಣ ತರುವ ಮುಂಚೆ ಬ್ರುಸೆಲ್ಲಾ ರೋಗದ ರಕ್ತಪರೀಕ್ಷೆ ಆಗಲೇಬೇಕು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುವ, ಅಂದರೆ ಗರ್ಭಪಾತ ಮಾಡಿಸುವ ಈ ರೋಗ ಮನುಷ್ಯರಿಗೂ ಹತ್ತುತ್ತದೆ. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಇದೆ.

ಮೂರನೆಯದು ತಳಿಯ ಮಾತು. ಒಂದೇ ಬತ್ತದ ಬೀಜ ಕೆಳಗದ್ದೆಯಲ್ಲೂ ಮಳೆ ನಂಬಿದ ಎತ್ತರದ ಮಕ್ಕಿಗದ್ದೆಯಲ್ಲೂ ಬೇರೆ ಬೇರೆ ಫಸಲು ಕೊಡುತ್ತದೆ, ಕೆಲವೊಮ್ಮೆ ಕೆಳಗದ್ದೆಯಲ್ಲಿ ಗೆದ್ದ ಬೀಜ ಮಕ್ಕಿಯಲ್ಲಿ ಸೋಲುತ್ತದೆ. ರೋಹ್ಟಕ್, ಹಿಸ್ಸಾರಿನ ಗೋಧಿಹೊಟ್ಟು, ಬರ್ಸೀಮ್ ಹುಲ್ಲಿನ ಮೇಲೆ ಅಳೆದ ಮುರ್ರಾ ಕೋಣನ ಮೇಲುಗೈ ಆಗುಂಬೆ ಸೆರಗಿನ ಮಳೆ, ಉಣ್ಣೆ, ಕೆಸರಿನಲ್ಲಿ ಅಷ್ಟೇ ಇರುತ್ತದೆ ಎನ್ನಲಾಗದು. ಮುರ್ರಾ ವೀರ್ಯದಿಂದ ಹಾಲು ಏರುವುದು ನಿಜ. ಮೊದಲ ತಲೆಮಾರಿನಲ್ಲಿ ಅರ್ಧ ರಕ್ತ, ಎರಡನೆಯದರಲ್ಲಿ ಮುಕ್ಕಾಲು, ಮೂರನೆಯದರಲ್ಲಿ 87.5, ಎಮ್ಮೆಯ ಗತಿಯಲ್ಲಿ ಇದಕ್ಕೆ ಹನ್ನೆರಡು ವರ್ಷ ಬೇಕು. ಮೇವು ಏರದೆ ರಕ್ತ ಮಾತ್ರ ಏರಿದರೆ ದೊಡ್ಡ ಮೈಯ ಮಣಕ ತೂಕ ಮುಟ್ಟುವುದೇ ಇಲ್ಲ. ಶಿಕಾರಿಪುರ, ಭದ್ರಾವತಿಯ ನೀರಾವರಿ ಬಯಲಿನಲ್ಲಿ ಹಸಿಮೇವು ಬೆಳೆಯುವವರು ಮುರ್ರಾ ಮೇಲೆ ಧೈರ್ಯ ಮಾಡಬಹುದು. ಬ್ಯಾಣದಲ್ಲಿ (ಗುಡ್ಡದ ಹುಲ್ಲುಗಾವಲಿನಲ್ಲಿ) ಮೇದು ಬರುವ ಎಮ್ಮೆಗೆ ಸುರ್ತಿಯಂಥ ಮಧ್ಯಮ ಮೈಯ ತಳಿ ಅಥವಾ ನಾಟಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಇಂಜೆಕ್ಷನ್ ಕೊಡಿಸಿದ ದಿನ ವೀರ್ಯದ ಕಡ್ಡಿಯ ಮೇಲೆ ಮುದ್ರಿಸಿರುವ ಕೋಣನ ನಂಬರನ್ನು ಕೇಳಿ ಬರೆದುಕೊಳ್ಳಿ. ಜೊತೆಗೆ ಬೆದೆ ಕಂಡ ದಿನ, ಇಂಜೆಕ್ಷನ್ ದಿನ, ಈದ ದಿನ. ಕೊಟ್ಟಿಗೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು. ಮೂರು ವರ್ಷದ ಬಳಿಕ ಆ ಹೆಣ್ಣುಕರು ಬೆದೆಗೆ ಬಂದಾಗ ಅದೇ ನಂಬರಿನ ಕಡ್ಡಿ ಬೇಡ ಎಂದು ಹೇಳಲು ಆ ಬರಹವೊಂದೇ ಆಧಾರ. ಇಂಜೆಕ್ಷನ್ ಆಗಿ ಮೂರು ವಾರಕ್ಕೆ ಮತ್ತೆ ಯಾವ ರಾತ್ರಿ ಬ್ಯಾಟರಿ ಹಿಡಿದು ಹೋಗಬೇಕು ಅನ್ನುವುದೂ ಅಲ್ಲೇ ಸಿಗುತ್ತದೆ.